ಚೀನಾದ ಗ್ರಂಥರಕ್ಷಕ ಸೋದರರು

ಅಪೂರ್ವ ಗ್ರಂಥಗಳ ಸಂಗ್ರಹವೆಂದರೆ ಧನಿಕರ ಹವ್ಯಾಸವೆಂದೇ ಅನೇಕರ ಭಾವನೆ. ಚೀನಾದೇಶದ ಡಿಂಗ್ ಸೋದರರ ವೃತ್ತಾಂತವು ಈ ಭಾವನೆಯನ್ನು ತಿದ್ದಬಲ್ಲುದು.

ಚಿಯಾನ್‌ಲಾಂಗ್ ಚಕ್ರವರ್ತಿಯ ಆಜ್ಞೆಯಂತೆ 18ನೆಯ ಶತಮಾನದಲ್ಲಿ ಸಿದ್ಧವಾದ ‘ಸಿಕು ಚುವಾನ್‌ಷು’ ಎಂಬುದು ಆ ನಾಡಿನ ಚರಿತ್ರೆ, ದರ್ಶನ, ಕಾವ್ಯಗಳನ್ನೆಲ್ಲ ಒಳಗೊಂಡ ಮಹಾಸಂಕಲನ. ಅದರ ವಿಸ್ತಾರ ಸುಮಾರು 36,000 ಸಂಪುಟಗಳು. ಕೈಬರಹದ ಪ್ರತಿಗಳು ಏಳು. ಅವುಗಳಲ್ಲೊಂದು ಹಾಂಗ್‌ಝೌ ನಗರದ ಪಶ್ಚಿಮ ಸರೋವರದ ಬಳಿ, ವೆನ್‌ಲಾನ್ ಭವನದಲ್ಲಿತ್ತು.

1861ರಲ್ಲಿ ತೈಪಿಂಗ್ ದಂಗೆಯ ಸೈನ್ಯವು ನಗರವನ್ನು ಹಿಡಿದಾಗ ಆ ಸಂಪುಟಗಳು ಚೆಲ್ಲಾಪಿಲ್ಲಿಯಾದವು. ಊರು ತೊರೆದು ಸಮೀಪದ ಪೇಟೆಯಲ್ಲಿ ತಂಗಿದ್ದ ಡಿಂಗ್ ಷೆನ್, ಡಿಂಗ್ ಬಿಂಗ್ ಎಂಬ ಸೋದರರು ಅಂಗಡಿಯಲ್ಲಿ ಪದಾರ್ಥ ಕಟ್ಟಿಕೊಡುತ್ತಿದ್ದ ಕಾಗದವನ್ನು ನೋಡಲು, ಅದು ಆ ಸಂಕಲನದ ಹಾಳೆಯೇ ಆಗಿತ್ತು! ಕೂಡಲೇ ಶೋಧಕ್ಕೆ ತೊಡಗಿದ ಅವರು 8,000ಕ್ಕೂ ಮಿಕ್ಕ ಸಂಪುಟಗಳನ್ನು ಉಳಿಸಿದರು.

ಭವನವು ಪುನಃ ನಿರ್ಮಿತವಾದ ಬಳಿಕ ಅವನ್ನು ಅಲ್ಲಿಗೇ ಒಪ್ಪಿಸಿದುದಲ್ಲದೆ, 1882ರಿಂದ ಇತರ ಸಂಗ್ರಾಹಕರಲ್ಲಿದ್ದ ಪ್ರತಿಗಳನ್ನು ಎರವಲು ತಂದು, ನಷ್ಟವಾದ ಭಾಗಗಳನ್ನು ನಕಲು ಮಾಡಿಸಿದರು. ಉಳಿದ ಕೊರತೆಯನ್ನು ಮುಂದಿನ ತಲೆಮಾರಿನ ವಿದ್ವಾಂಸರು ತುಂಬಿದರು. ಆ ಪ್ರತಿಯು ಈಗ ಝೆಜಿಯಾಂಗ್ ಗ್ರಂಥಾಲಯದಲ್ಲಿದೆ.

ಹಲವರ ಮನೆಗಳಲ್ಲಿ ಜೋಪಾನವಾಗಿದ್ದ ಹಳೆಯ ಪುಸ್ತಕಗಳಿಲ್ಲದಿದ್ದರೆ ಈ ಜೀರ್ಣೋದ್ಧಾರವು ಸಾಧ್ಯವಾಗುತ್ತಿರಲಿಲ್ಲ. ಕೂಡಿಸಿದುದನ್ನು ಮುಚ್ಚಿಡದೆ ಓದುಗರಿಗೆ ಮರಳಿಸಿದಾಗಲೇ ಸಂಗ್ರಹವು ಸಾರ್ಥಕವೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಮನಗಾಣಬೇಕು.