ಕೋವಿಯ ಮಣಿ, ಗುರಿಕಾರನ ಕಣ್ಣು

ಕೊಡಗಿನ ಕೈಲ್‌ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುರಿಯಿಡುವವರನ್ನು ನೀವು ನೋಡಿರಬಹುದು. ರೈಫಲ್ಲಿಗೆ ಹಿಂದೊಂದು, ಮುಂದೊಂದು ಗುರಿಗುರುತು ಇರುತ್ತದೆ. ಚರೆ ಹಾರಿಸುವ ತೋಟಾಕೋವಿಗಾದರೋ ಸಾಮಾನ್ಯವಾಗಿ ನಳಿಗೆಯ ತುದಿಯಲ್ಲೊಂದು ಹಿತ್ತಾಳೆಯ ಮಣಿ ಮಾತ್ರ. ಹಾಗಾದರೆ ಹಿಂದಿನ ಗುರುತು ಯಾವುದು? ಗುರಿಕಾರನ ಕಣ್ಣೇ.

ಆದುದರಿಂದ ಹೊಸ ಮಣಿ ಬೇಕೆನ್ನುವ ಸ್ನೇಹಿತರಿಗೆ ನಾನು ಮೊದಲು ಹೇಳುವುದು ಮಣಿಯ ಮಾತನ್ನಲ್ಲ. ಹೆಗಲಿಗೊತ್ತುವ ಮರದ ಹಿಡಿಯ ಮಾತನ್ನು. ಕೆನ್ನೆ ಅದರ ಮೇಲೆ ಪ್ರತಿಸಲವೂ ಒಂದೇ ಎಡೆಯಲ್ಲಿ ಕೂಡಬೇಕು. ಕಣ್ಣು ತುಸು ಮೇಲೇರಿದರೆ ಚರೆಯೂ ಮೇಲೇರುತ್ತದೆ. ಇನ್ನು ಮಣಿ: ಮಸುಕು ಬೆಳಕಿಗೆ ಬಿಳಿಯದು ಒಳ್ಳೆಯದು, ತೀರ ದೊಡ್ಡದಾದರೆ ದೃಷ್ಟಿ ಗುರಿಯನ್ನು ಬಿಟ್ಟು ಮಣಿಯಲ್ಲೇ ನೆಡುತ್ತದೆ.

ಒಂಟಿ ಗುಂಡು ಹಾರಿಸುವವರಿಗೆ ಮಾತ್ರ ಹಿಂದೆಯೂ ಒಂದು ಗುರುತು ಬೇಕು. ಎರಡರ ನಡುವೆ 80 ಸೆಂ.ಮೀ. ಅಂತರವಿದ್ದು, 40 ಮೀಟರ್ ದೂರದಲ್ಲಿ ಗುಂಡು 10 ಸೆಂ.ಮೀ. ಕೆಳಗೆ ತಗುಲಿದರೆ ಹಿಂದಿನದನ್ನು 2 ಮಿ.ಮೀ. ಏರಿಸಬೇಕು. ಮುಂದಿನದನ್ನು ಏರಿಸಿದರೆ ಗುಂಡು ಇನ್ನಷ್ಟು ಕೆಳಗಿಳಿಯುತ್ತದೆ.

ನಳಿಗೆಯ ತುದಿಯ ಲೋಹ ತೆಳುವಾದುದು. ಅಲ್ಲಿ ತೂತು ಕೊರೆಯುವ ಕೆಲಸವನ್ನು ಪರವಾನಗಿಯುಳ್ಳ ಕೋವಿ ಕೆಲಸಗಾರನಿಗೇ ಬಿಡಿ. ತೂತು ಒಳಗಿನವರೆಗೆ ಇಳಿದರೆ ಕೆಡುವುದು ಗುರಿಯೊಂದೇ ಅಲ್ಲ, ನಳಿಗೆಯೂ ಹೌದು.