ತೆಳುವಾದ ಹಾಳೆ, ಗುರುತರವಾದ ಹೊಣೆ

ಹಿಂದೂಸ್ತಾನ್ ಮೋಟರ್ಸಿನವರ ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೂ ಅದನ್ನು ಮನೆಯ ಹಿರಿಯರಂತೆ ಜೋಪಾನ ಮಾಡಿಕೊಂಡು ಬಂದಿರುವ ಕುಟುಂಬಗಳು ಈಗಲೂ ಉಂಟು. ದಣಿದ ಎಂಜಿನ್ನನ್ನು ಬಿಚ್ಚಿಸಿ, ಸಿಲಿಂಡರುಗಳಿಗೆ ಬೋರಿಂಗ್ ಮಾಡಿಸಿ, ಹೆಡ್ಡಿನ ಮುಖವನ್ನು ಸಮತಟ್ಟಾಗಿ ತೇಯಿಸಿ, ಹಣವನ್ನು ನೀರಿನಂತೆ ಸುರಿದ ಯಜಮಾನರು ಹೆಡ್ ಗ್ಯಾಸ್ಕೆಟ್ ಕೊಳ್ಳುವಾಗ ಮಾತ್ರ ಕಾರಿನ ಹೆಸರನ್ನಷ್ಟೇ ಹೇಳಿ, ಕೈಗೆ ಸಿಕ್ಕ ಅಗ್ಗದ್ದನ್ನು ತಂದುಬಿಡುತ್ತಾರೆ. ಆನೆಯನ್ನು ಕೊಟ್ಟು ಅಂಕುಶಕ್ಕೆ ಜಗಳವಾಡಿದಂತಲ್ಲವೆ ಇದು?

ಎಂಜಿನ್ನಿನ ಬ್ಲಾಕಿಗೂ ಹೆಡ್ಡಿಗೂ ನಡುವೆ ಕುಳಿತಿರುವ ಈ ತೆಳುವಾದ ಹಾಳೆಯ ಹೊಣೆ ಸಾಮಾನ್ಯವಲ್ಲ. ಉರಿಯುವ ಅನಿಲ, ತಂಪುಗೊಳಿಸುವ ನೀರು, ಎಂಜಿನ್ ಎಣ್ಣೆ ಈ ಮೂರೂ ಒಂದರೊಡನೊಂದು ಬೆರೆಯದಂತೆ ಕಾಯುವುದು ಅದೇ. ಅದು ಸೋತರೆ ಸೈಲೆನ್ಸರಿನಿಂದ ಬಿಳಿಯ ಆವಿ ಹೊರಡಬಹುದು. ನೀರು ಸೇರಿದ ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಬಹುದು. ಹಾಗಾದರೆ ಹೊಸ ಬೇರಿಂಗುಗಳಿಗೂ ಉಳಿವಿಲ್ಲ.

ಯಂತ್ರದ ಬಾಯಿಗೆ ಸಿಕ್ಕಿ ಬಂದ ಎಂಜಿನ್ ಹೆಸರಿಗೆ ಹಳೆಯದೇ, ಅಳತೆಯಲ್ಲಿ ಬೇರೆ. ಆದುದರಿಂದ ಮೊದಲು ನೋಡಬೇಕಾದದ್ದು ಸಿಲಿಂಡರಿನ ವ್ಯಾಸ. ಅಂಬಾಸಡರಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಸುಮಾರು 73 ಮಿ.ಮೀ. ಬೋರಿಂಗಿನಲ್ಲಿ ಒಂದೂವರೆ ಮಿ.ಮೀ. ಹೆಚ್ಚಿದರೆ 74.5 ಮಿ.ಮೀ. ಆಯಿತು. ಗ್ಯಾಸ್ಕೆಟ್ಟಿನ ರಂಧ್ರವು ಇದಕ್ಕಿಂತ ತುಸು ದೊಡ್ಡದಿರಬೇಕು. ಅದರ ಅಂಚು ಸಿಲಿಂಡರಿನೊಳಕ್ಕೆ ಚಾಚಿದರೆ ಕೆಂಡದಂತೆ ಕಾದು, ಪ್ಲಗ್ಗಿನ ಕಿಡಿಗೆ ಮುಂಚೆಯೇ ಇಂಧನವನ್ನು ಹೊತ್ತಿಸೀತು.

ಎರಡನೆಯದು ದಪ್ಪ, ಬೋಲ್ಟುಗಳನ್ನು ಬಿಗಿದು ಒತ್ತಿದ ಮೇಲೆ ಉಳಿಯುವ ದಪ್ಪ. ಈ ಎಂಜಿನ್ನಿನ ಒಂದೊಂದು ಸಿಲಿಂಡರಿನಲ್ಲಿಯೂ ಪಿಸ್ಟನ್ ಸುಮಾರು 372 ಸಿ.ಸಿ. ಅವಕಾಶದಲ್ಲಿ ಚಲಿಸುತ್ತದೆ. ಸಂಪೀಡನದ ಪ್ರಮಾಣ 8ಕ್ಕೆ 1 ಎಂದಿಟ್ಟುಕೊಂಡರೆ, ಪಿಸ್ಟನ್ ಮೇಲೇರಿದಾಗ ಉಳಿಯುವ ಜಾಗ 53 ಸಿ.ಸಿ. ಗ್ಯಾಸ್ಕೆಟ್ ಅರ್ಧ ಮಿ.ಮೀ. ತೆಳುವಾದರೆ ಅದರಲ್ಲಿ 2 ಸಿ.ಸಿ. ತಗ್ಗಿ, ಪ್ರಮಾಣವು 8.3ಕ್ಕೆ ಏರುತ್ತದೆ. ಹೆಡ್ಡಿನಿಂದಲೂ ಬ್ಲಾಕಿನಿಂದಲೂ ತೇಯ್ದ ಲೋಹದ ಲೆಕ್ಕ ಇದರೊಡನೆ ಕೂಡಿತೆಂದರೆ, ದಿಣ್ಣೆ ಏರುವಾಗ ಎಂಜಿನ್ ಟಕಟಕನೆ ಬಡಿಯತೊಡಗುವ ಭಯವುಂಟು. ತೇಯ್ದದ್ದು ಹೆಚ್ಚಾಗಿದ್ದರೆ ದಪ್ಪನೆಯ ಗ್ಯಾಸ್ಕೆಟ್ಟೇ ಲೇಸು.

ಮೂರನೆಯದು ಮೇಲ್ಮೈ. ಉಕ್ಕಿನ ಹಲವು ಪದರಗಳ ಹೊಸ ಬಗೆಯ ಗ್ಯಾಸ್ಕೆಟ್ ಬಹು ಗಟ್ಟಿ. ಆದರೆ ಕನ್ನಡಿಯಂತಹ ನಯವನ್ನೂ ಸಮತಟ್ಟನ್ನೂ ಬಯಸುತ್ತದೆ. ಅಷ್ಟು ನಯ ದೊರೆಯದ ಹಳೆಯ ಬೀಡುಕಬ್ಬಿಣಕ್ಕೆ, ಸಣ್ಣ ಗೀರುಗಳನ್ನು ತುಂಬಿಕೊಳ್ಳಬಲ್ಲ ಗ್ರಾಫೈಟಿನಂತಹ ಮೃದು ಮೈಯ ಗ್ಯಾಸ್ಕೆಟ್ ಒಳ್ಳೆಯದು. ಬೆಲೆ ಹೆಚ್ಚಾದದ್ದೆಲ್ಲ ನಮ್ಮ ಎಂಜಿನ್ನಿಗೆ ಒಗ್ಗುತ್ತದೆಂದು ತಿಳಿಯಬಾರದು.

ಕೊಂಡು ತಂದ ಮೇಲೆ ಅದನ್ನು ಬ್ಲಾಕಿನ ಮೇಲೂ ಹೆಡ್ಡಿನ ಮೇಲೂ ಇಟ್ಟು, ನೀರಿನ ಮತ್ತು ಎಣ್ಣೆಯ ದಾರಿಗಳು ಸರಿಹೊಂದುವುವೇ ಎಂದು ನೋಡಬೇಕು. ತಯಾರಕರು ಹೇಳಿದ ಬಿಗಿತಕ್ಕೆ, ನಡುವಿನಿಂದ ಹೊರಕ್ಕೆ, ಹಲವು ಸುತ್ತುಗಳಲ್ಲಿ ಬಿಗಿಯಬೇಕು. ಒಮ್ಮೆ ಬಿಗಿದು ಬಿಚ್ಚಿದ ಗ್ಯಾಸ್ಕೆಟ್ಟನ್ನು ಮತ್ತೆ ಕೂರಿಸಬಾರದು. ಇನ್ನೊಂದು ಎಚ್ಚರಿಕೆಯ ಮಾತು: ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕ್ಯಾನ್ಸರಿಗೆ ಕಾರಣವಾಗುವ ಆಸ್ಬೆಸ್ಟಾಸ್ ಇರಬಹುದು. ಒಣಗಿದಂತೆಯೇ ಕೆರೆದು ಅದರ ಧೂಳೆಬ್ಬಿಸುವುದು ಮನೆಮಂದಿಗೆಲ್ಲ ಅಪಾಯ.

ಆದುದರಿಂದ ಬೋರಿಂಗ್ ಮಾಡಿದವರಿಂದ ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆಯಿಸಿಕೊಳ್ಳಿರಿ: ಸಿಲಿಂಡರಿನ ಈಗಿನ ವ್ಯಾಸ, ತೇಯ್ದ ಲೋಹದ ದಪ್ಪ, ಮೇಲ್ಮೈಯ ನಯ. ಅಂಗಡಿಗೆ ಹೋದಾಗ ಕಾರಿನ ಹೆಸರಿನ ಜೊತೆಗೆ ಆ ಚೀಟಿಯನ್ನೂ ಮುಂದಿಡಿರಿ.