ಎರಡು ಕಡಲಿಗೆ ನೀರು ಹಂಚುವ ಊರಲ್ಲೊಂದು ಭಾನುವಾರ

ಕೊಟ್ಟಿಗೆಹಾರ ಬಂತೆಂದರೆ ಬಸ್ಸಿನಲ್ಲಿ ನಿದ್ದೆ ಹೋದವರೂ ಕಣ್ಣುಜ್ಜಿಕೊಂಡು ಎದ್ದು ಕೂರುತ್ತಾರೆ. ಮೂಡಿಗೆರೆಯಿಂದ ಬಣಕಲ್ ಹಾದು ಬರುವ ಹೆದ್ದಾರಿ ಇಲ್ಲಿಂದ ಮುಂದೆ ಚಾರ್ಮಾಡಿ ಘಾಟಿ ಇಳಿಯುತ್ತದೆ. ಇನ್ನೊಂದು ರಸ್ತೆ ಬಾಳೂರಿನ ಕಡೆ ಹೊರಳಿ ಕಳಸ, ಹೊರನಾಡಿಗೆ ಹೋಗುತ್ತದೆ. ಧರ್ಮಸ್ಥಳಕ್ಕೆ ಹರಕೆ ಹೊತ್ತವರು, ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಹೊರಟವರು, ಉಜಿರೆ-ಮಂಗಳೂರಿನ ಕಾಲೇಜು ಮಕ್ಕಳು ಎಲ್ಲರೂ ಇಲ್ಲಿ ಇಳಿದು ತಿಂಡಿ ಮುಗಿಸಿ ಹತ್ತುತ್ತಾರೆ. ಉಳಿಯುವವರು ಕಡಿಮೆ. ಈ ಸಲದ ರಜೆಯ ಭಾನುವಾರವನ್ನು ನಾವು ಗಂಡ-ಹೆಂಡತಿ ಈ ಕೂಡುರಸ್ತೆಯಲ್ಲೇ ಕಳೆಯಬೇಕೆಂದು ಬಂದಿದ್ದೆವು.

ಮಳೆಗಾಲ ಕಳೆದು ಅಕ್ಟೋಬರ್ ಕಾಲಿಟ್ಟಿತ್ತು. ಬೆಳಗ್ಗೆ ಅಂಗಡಿಗಳ ಬಾಗಿಲವರೆಗೂ ಮಂಜು. ಲಾರಿಗಳು ಹೆಡ್‌ಲೈಟ್ ಹಾಕಿಕೊಂಡೇ ಬರುತ್ತಿದ್ದವು. "ತಿಂಡಿ ಮಾಡೋರು ಬೇಗ ಮಾಡ್ಕೊಂಡು ಬನ್ನಿ, ಇನ್ನು ಘಾಟಿ ಇಳಿಯೋ ತನಕ ಎಲ್ಲೂ ನಿಲ್ಸಲ್ಲ" ಎಂದು ಕಂಡಕ್ಟರ್ ಕೂಗುವುದು ರಸ್ತೆಯಾಚೆಗೂ ಕೇಳುತ್ತಿತ್ತು.

ಕಾವಲಿಯ ಮುಂದೆ

ಈ ಊರಿನ ಹೆಸರಿಗೆ ಅಂಟಿಕೊಂಡಿರುವುದು ನೀರುದೋಸೆ. ಹೋಟೆಲಿನೊಳಗೆ ಕಾವಲಿ ಕಾಣುವ ಹಾಗೆ ಕುಳಿತೆವು. ಇದಕ್ಕೆ ಉದ್ದು ಬೇಡ, ಹುಳಿ ಬರಿಸುವ ಕೆಲಸವೂ ಇಲ್ಲ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ನೀರು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಂಡರೆ ಹಿಟ್ಟು ಸಿದ್ಧ. ಕೈಚಳಕವೆಲ್ಲ ಹುಯ್ಯುವುದರಲ್ಲಿ. ಸೌಟಿನ ತಳ ತಾಗಿಸಿ ಹರಡುವಂತಿಲ್ಲ. ಕಾದ ಬೀಡಿನ ಕಾವಲಿಯ ಅಂಚಿನಿಂದ ಸುತ್ತ ಸುರಿದು ನಡುವೆ ಬಂದು ಮುಗಿಸಬೇಕು. ಚುರ್ರೆಂದು ಸದ್ದಾಗಿ ಮೈತುಂಬ ಸಣ್ಣ ತೂತು ಏಳುತ್ತವೆ. ಅಷ್ಟರಲ್ಲಿ ಮುಚ್ಚಳ ಬೀಳಬೇಕು. ಮಗುಚಿ ಹಾಕುವ ಪದ್ಧತಿಯಿಲ್ಲ, ಕೆಂಪಗಾಗಲೂ ಬಿಡುವುದಿಲ್ಲ. ಅಂಚು ಎದ್ದೊಡನೆ ನಾಲ್ಕು ಮಡಿಕೆ ಮಡಚಿ ತಟ್ಟೆಗೆ.

ನೀರುದೋಸೆ ಕರಾವಳಿಯ ಮನೆಮನೆಯ ತಿಂಡಿ. ಘಾಟಿ ಹತ್ತಿ ಬಂದು ಇಲ್ಲಿ ನೆಲೆ ನಿಂತಿದೆ. ನಾನು ಚಟ್ನಿ ಕೇಳಿದೆ, ಮಂಗಳೂರು ಕಡೆಯವರಾದ ಇವರು ಕಾಯಿ-ಬೆಲ್ಲ ಇದೆಯೇ ಎಂದರು. ಎರಡೂ ಬಂದವು. ಯಾವುದು ಸರಿಯೆಂಬ ನಮ್ಮ ಹಳೆಯ ವಾದ ಫಿಲ್ಟರ್ ಕಾಫಿಯ ಲೋಟ ಖಾಲಿಯಾಗುವವರೆಗೂ ನಡೆಯಿತು. ಅಷ್ಟರಲ್ಲಿ ಎಷ್ಟೋ ಬಸ್ಸುಗಳು ಬಂದು ಹೋದವು, ನಮ್ಮನ್ನು ಯಾರೂ ಏಳಿಸಲಿಲ್ಲ. ರಜೆಯ ಸುಖವೆಂದರೆ ನನಗೆ ಇದೇ.

ತೇಜಸ್ವಿ ಪ್ರತಿಷ್ಠಾನದಲ್ಲಿ

ಬಿಸಿಲು ಮಂಜನ್ನು ಸೀಳತೊಡಗಿದ ಮೇಲೆ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನದ ಕಡೆ ಹೊರಟೆವು. 1938ರಲ್ಲಿ ಹುಟ್ಟಿದ ತೇಜಸ್ವಿ ಬರೆದದ್ದು, ಬೇಸಾಯ ಮಾಡಿದ್ದು, ಹಕ್ಕಿಗಳ ಬೆನ್ನು ಹತ್ತಿದ್ದು ಎಲ್ಲ ಮೂಡಿಗೆರೆ ಸೀಮೆಯಲ್ಲೇ. 2007ರ ಏಪ್ರಿಲ್ 5ರಂದು ತೀರಿಕೊಂಡದ್ದೂ ಮೂಡಿಗೆರೆಯ ತಮ್ಮ ಮನೆ 'ನಿರುತ್ತರ'ದಲ್ಲಿ. ಅವರ ಕಾದಂಬರಿ 'ಕರ್ವಾಲೊ' ಓದಿದವರಿಗೆ ಈ ಕಾಡು, ತೋಟ, ಜೇನು, ಜನ ಹೊಸದೆನಿಸುವುದಿಲ್ಲ.

ಈ ರಜೆಗೆ ಅಂಡಮಾನಿಗೆ ಹೋಗೋಣವೆಂದು ಮೊದಲು ನಾವು ಮಾತಾಡಿಕೊಂಡಿದ್ದೆವು. ಕನ್ನಡಿಗರ ಎಷ್ಟೋ ಮನೆಗಳಿಗೆ ಆ ದ್ವೀಪದ ಆಸೆ ಹತ್ತಿಸಿದ್ದೇ ತೇಜಸ್ವಿಯವರ ಅಂಡಮಾನ್ ಪ್ರವಾಸದ ಪುಸ್ತಕ. ಅಷ್ಟು ದೂರದ ಕಡಲನ್ನು ಕಂಡು ಬರೆದ ಮನುಷ್ಯ ದಿನದಿನ ನೋಡಿ ದಣಿಯದೇ ಇದ್ದದ್ದು ಈ ಬೆಟ್ಟಗಳನ್ನು. ಅದನ್ನು ನೆನೆದಾಗ ಇಲ್ಲಿಗೆ ಬಂದದ್ದು ಒಳ್ಳೆಯದೇ ಆಯಿತೆನಿಸಿತು.

ಇಲ್ಲಿ ನೆನಪಾದ ಇನ್ನೊಬ್ಬರು ಅವರ ಪತ್ನಿ ರಾಜೇಶ್ವರಿ ತೇಜಸ್ವಿ. ಇವರಿಬ್ಬರ ಮದುವೆಗೆಂದೇ ತೇಜಸ್ವಿಯವರ ತಂದೆ ಕುವೆಂಪು 'ಮಂತ್ರ ಮಾಂಗಲ್ಯ' ರೂಪಿಸಿದ್ದು. ಆಡಂಬರವಿಲ್ಲದೆ, ಅರ್ಥವಾಗುವ ಮಾತಿನಲ್ಲಿ, ಇಬ್ಬರೂ ಸಮಾನರೆಂದು ಒಪ್ಪಿಕೊಂಡು ಮಾಡಿಕೊಳ್ಳುವ ಮದುವೆ ಅದು. ಮುಂದೆ ಕಾಫಿ ತೋಟದ ಒಂಟಿ ಮನೆಯಲ್ಲಿ ಕಟ್ಟಿಕೊಂಡ ಬದುಕನ್ನು ರಾಜೇಶ್ವರಿ 'ನನ್ನ ತೇಜಸ್ವಿ'ಯಲ್ಲಿ ಬರೆದಿಟ್ಟರು. 2021ರಲ್ಲಿ ಅವರೂ ಹೋದರು. ಮಲೆನಾಡಿನ ಮಳೆ, ಇಂಬಳ, ಕರೆಂಟಿಲ್ಲದ ರಾತ್ರಿಗಳ ನಡುವೆ ಇಬ್ಬರು ಒಬ್ಬರಿಗೊಬ್ಬರು ಬೇಸರವಾಗದೆ ಬಾಳುವುದು ಹೇಗೆಂದು ತಿಳಿಯಬೇಕಾದ ಹೊಸ ಜೋಡಿಗಳು ಆ ಪುಸ್ತಕ ಓದಬೇಕು.

ನೀರು ಬೇರೆಯಾಗುವ ಏಣು

ಚಾರ್ಮಾಡಿ ಘಾಟಿಯ ಮೇಲ್ಭಾಗದಲ್ಲಿ ಅಣ್ಣಪ್ಪಸ್ವಾಮಿ ಗುಡಿಯಿದೆ. ಘಾಟಿ ಇಳಿಯುವ ಡ್ರೈವರುಗಳು ಇಲ್ಲಿ ಕೈಮುಗಿದು ಮುಂದೆ ಹೋಗುತ್ತಾರೆ. ನಾವೂ ಮುಗಿದೆವು. ರಸ್ತೆಬದಿಯ ಬಂಡೆಗಳಿಂದೆಲ್ಲ ನೀರು ಜಿನುಗುತ್ತಿತ್ತು. ಅಲೇಖಾನ್ ಜಲಪಾತ ಆಷಾಢದ ಅಬ್ಬರ ಬಿಟ್ಟು ಬೆಳ್ಳಗೆ ಇಳಿಯುತ್ತಿತ್ತು. ಎಡಕ್ಕೆ ಕಣಿವೆ ತುಂಬ ಕಾಡು, ಮೇಲೆ ಹುಲ್ಲಿನ ಬೋಳು ನೆತ್ತಿ. ಕೆಳಗಿನ ಕಾಡು ಸಿಂಗಳೀಕಗಳ ನೆಲೆ.

ಈ ಜಾಗದ ದೊಡ್ಡಸ್ತಿಕೆ ತಿಳಿಯಬೇಕಾದರೆ ನೀರಿನ ಹಿಂದೆ ಹೋಗಬೇಕು. ಪಶ್ಚಿಮಕ್ಕೆ ಬಿದ್ದ ಮಳೆ ಈ ಹಳ್ಳಗಳಲ್ಲಿ ಇಳಿದು ಮೃತ್ಯುಂಜಯ ಹೊಳೆ ಸೇರಿ, ನೇತ್ರಾವತಿಯಾಗಿ, ತುಂಬೆಯ ಅಣೆಕಟ್ಟಿನಲ್ಲಿ ಮಂಗಳೂರಿನ ನಲ್ಲಿಗೆ ಹೊರಳಿ, ಉಳಿದದ್ದು ಅರಬ್ಬೀ ಸಮುದ್ರಕ್ಕೆ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಹೇಮಾವತಿ. ಮಧ್ಯಾಹ್ನ ಹೋಂಸ್ಟೇಯಲ್ಲಿ ಕಡುಬು, ಕೋಳಿ ಸಾರು ಉಂಡು, ಒಂದು ಒಳ್ಳೆಯ ನಿದ್ದೆ ತೆಗೆದು, ಸಂಜೆಗೆ ನಾವು ಹೋದದ್ದು ಆ ನದಿ ಹುಟ್ಟುವ ಜಾವಳಿಗೆ.

ಹೊರಡುವಾಗ ಮನೆಯೊಡತಿ, "ಅಕ್ಕಾ, ಸ್ವೆಟರ್ ಹಾಕ್ಕೊಂಡ್ ಹೋಗಿ, ಹೊತ್ತು ಮುಳುಗಿದ್ರೆ ಚಳಿ ತಡಿಯಕ್ಕಾಗಲ್ಲ" ಎಂದರು. ದಾರಿಯುದ್ದಕ್ಕೂ ಸಿಲ್ವರ್ ಓಕ್ ನೆರಳಲ್ಲಿ ಕಾಫಿ ಗಿಡ, ಮರಕ್ಕೆ ಹಬ್ಬಿದ ಮೆಣಸು. ಅರೇಬಿಕಾ ಕಾಯಿ ಅಲ್ಲೊಂದು ಇಲ್ಲೊಂದು ಕೆಂಪೇರಿತ್ತು. ದೀಪಾವಳಿ ಕಳೆದರೆ ಕೊಯ್ಲಿನ ಗಡಿಬಿಡಿ.

ಜಾವಳಿಯಲ್ಲಿ ಗಣಪತಿಯ ಗುಡಿಯೇ ಹೇಮಾವತಿಯ ಮೂಲವೆಂದು ಜನ ನಡೆದುಕೊಳ್ಳುತ್ತಾರೆ. ಇಲ್ಲಿ ಬೊಗಸೆಗೆ ಸಿಗುವ ನೀರು ಸುಮಾರು 245 ಕಿಲೋಮೀಟರ್ ಹರಿದು ಕೃಷ್ಣರಾಜಸಾಗರದ ಬಳಿ ಕಾವೇರಿ ಸೇರುತ್ತದೆ, ಕೊನೆಗೆ ಬಂಗಾಳ ಕೊಲ್ಲಿ ಮುಟ್ಟುತ್ತದೆ. ನಡುವೆ ಗೊರೂರಿನಲ್ಲಿ ಅದನ್ನು ತಡೆದು ನಾಲೆಯಲ್ಲಿ ತುಮಕೂರಿನವರೆಗೂ ಒಯ್ದಿದ್ದಾರೆ. ಮಂಗಳೂರಿನಿಂದ ಕೊಟ್ಟಿಗೆಹಾರದ ಮೇಲೆ ಸಾಗುವ ರಾಷ್ಟ್ರೀಯ ಹೆದ್ದಾರಿ 73 ಮುಟ್ಟುವುದೂ ತುಮಕೂರನ್ನೇ. ಆ ದಾರಿಯ ಎರಡು ತುದಿಯ ಊರುಗಳೂ ಕುಡಿಯುವ ನೀರಿಗೆ ಈ ಬೆಟ್ಟದ ಋಣದಲ್ಲಿವೆ. ಇವರು ಕೈ ಒಡ್ಡಿ ನೀರು ಕುಡಿದು, "ನಿಮ್ಮ ಕಡೆಯ ನೀರೂ ಚೆನ್ನಾಗಿದೆ" ಎಂದರು. ನನ್ನ ತವರು ತುಮಕೂರು.

ಬರುವವರಿಗೆ

ಈ ಬೆಟ್ಟ ಎಷ್ಟು ಕೊಡುತ್ತದೋ ಅಷ್ಟೇ ಬೇಗ ಮುರಿಯುತ್ತದೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತುಹೋಯಿತು. ಬಾಳೂರು ಭಾಗದ ಮಲೆಮನೆ, ಮಧುಗುಂಡಿಯಲ್ಲಿ ಮನೆ-ತೋಟ ಕೊಚ್ಚಿಹೋದವು. ಭಾನುವಾರ ಬಂದು ತಿರುವಿನಲ್ಲೇ ಕಾರು ನಿಲ್ಲಿಸಿ, ಪಾಚಿ ಕಟ್ಟಿದ ಬಂಡೆ ಹತ್ತಿ, ಬಾಟಲಿಯನ್ನು ಹಳ್ಳಕ್ಕೆ ಎಸೆದು ಹೋಗುವವರನ್ನು ಆ ದಿನವೂ ಕಂಡೆವು. ಆ ಹಳ್ಳದ ನೀರು ಯಾರ ಮನೆಯ ಕೊಡಕ್ಕೆ ಹೋಗುತ್ತದೆಂದು ತಿಳಿದ ಮೇಲಾದರೂ ಆ ಕೈ ತಡೆಯಬೇಕು. ಮಂಗಗಳಿಗೆ ಬಿಸ್ಕತ್ತು ಹಾಕುವುದನ್ನೂ ಬಿಡಬೇಕು. ಅದನ್ನು ನಂಬಿ ರಸ್ತೆಗೆ ಬಂದವು ಗಾಡಿಯಡಿ ಸಾಯುತ್ತವೆ.

ಚಿಕ್ಕಮಗಳೂರು-ಮಂಗಳೂರು ನಡುವಿನ ಬಸ್ಸುಗಳು ಇಲ್ಲಿ ನಿಲ್ಲುತ್ತವೆ, ಮೂಡಿಗೆರೆಯಿಂದಲೂ ಬಸ್ಸು ಉಂಟು. ಶನಿವಾರವೇ ಬಂದು ಉಳಿಯಿರಿ. ನೋಡುವ ಜಾಗ ಒಂದೆರಡಕ್ಕೆ ಮಿತಿಯಿರಲಿ, ಮಧ್ಯಾಹ್ನದ ನಿದ್ದೆ ತಪ್ಪಿಸಬೇಡಿ. ಮನೆ, ಮಕ್ಕಳು, ಸಾಲ, ಕೆಲಸವೆಂದು ಓಡುತ್ತಿರುವ ಗಂಡ-ಹೆಂಡತಿಗೆ ಒಂದೇ ತಟ್ಟೆಯ ಮುಂದೆ ಕುಳಿತು ಸುಮ್ಮನೆ ವಾದ ಮಾಡಲು ಪುರುಸೊತ್ತು ಬೇಕು. ಅದು ಸಿಗಲು ದ್ವೀಪಕ್ಕೇ ಹೋಗಬೇಕೆಂದಿಲ್ಲ. ಕೆಂಪು ಬಸ್ಸಿನಲ್ಲಿ ಹೋಗಿಬರಬಹುದಾದ ಊರೇ ಸಾಕು.